ಕರಡಿ ವೀಕ್ಷಣೆಯ ಅರಣ್ಯ ವಸತಿ

ಕರಡಿಗಳನ್ನು ಅವುಗಳ ನೆಲೆಯಲ್ಲೇ ನೋಡಲೆಂದು ಕಾಡಿನಂಚಿನಲ್ಲಿ, ಊರಿನ ಗದ್ದಲದಿಂದ ದೂರ ಕಟ್ಟಿದ ಸಣ್ಣ ತಂಗುಮನೆಗಳು. ಅಲ್ಲಿ ಒಂದೆರಡು ರಾತ್ರಿ ಉಳಿದು, ಸಂಜೆ ಮುಂಜಾನೆ ಕಾದು ಕೂತು ಪ್ರಾಣಿ ನೋಡುವ ಪ್ರವಾಸದ ರೂಢಿ. ಅಲಾಸ್ಕ, ಕೆನಡ, ಫಿನ್ಲೆಂಡ್‌ಗಳಲ್ಲಿ ಇದು ಬೇರೂರಿದ ವೃತ್ತಿ. ಕರ್ನಾಟಕದಲ್ಲಿ ಇದರ ಮುಖ್ಯ ನೆಲೆ ಹಂಪಿಯ ಹತ್ತಿರದ ದರೋಜಿ ಕರಡಿಧಾಮ ಮತ್ತು ಅದಕ್ಕೆ ಹೊಂದಿಕೊಂಡಂತೆ ಕಮಲಾಪುರದ ಬಳಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ನಡೆಸುವ ಸ್ಲಾತ್ ಬೇರ್ ರೆಸಾರ್ಟ್. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಕರಡಿಗಳಿವೆ, ಅರಣ್ಯ ವಸತಿಗಳೂ ಇವೆ. ಆದರೆ ಕರಡಿಯ ಹೆಸರಿನಲ್ಲೇ ನಡೆಯುವ ವಸತಿ ಇಲ್ಲ. ಕಡೂರು ತಾಲ್ಲೂಕಿನ ಚೌಳಹಿರಿಯೂರಿನ ಸುತ್ತಿನ ಬಯಲುಸೀಮೆಯವರಿಗೆ ಕರಡಿ ಎಂದರೆ ಮಬ್ಬು ಬೆಳಕಿನಲ್ಲಿ ಹೊಲದ ಬದುವಿನ ಮೇಲೆ ಎದುರಾಗುವ ಭಯ. ಅದೇ ಪ್ರಾಣಿಯನ್ನು ಹಗಲಿನಲ್ಲಿ, ಕ್ಷೇಮವಾದ ದೂರದಿಂದ, ಅವಸರವಿಲ್ಲದೆ ನೋಡುವ ಅನುಕೂಲವನ್ನು ದರೋಜಿ ಒದಗಿಸಿಕೊಟ್ಟಿದೆ. ಈ ಲೇಖನ ದರೋಜಿಯ ಬಗ್ಗೆ ಹೆಚ್ಚು ಹೇಳುವುದು ಅದಕ್ಕಾಗಿಯೇ.

ಪ್ರಾಣಿ

ನಮ್ಮ ಕರಡಿಯ ವೈಜ್ಞಾನಿಕ ಹೆಸರು ಮೆಲರ್ಸಸ್ ಅರ್ಸಿನಸ್. ಭಾರತ, ನೇಪಾಳ, ಶ್ರೀಲಂಕಾಗಳಲ್ಲಿ ಇದರ ವಾಸ. ಗಂಡು ಸುಮಾರು 80ರಿಂದ 145 ಕಿಲೋ ತೂಗುತ್ತದೆ, ಹೆಣ್ಣು ಇನ್ನೂ ಹಗುರ. ಉದ್ದನೆಯ ಉಗುರುಗಳನ್ನು ನೋಡಿ 1791ರಲ್ಲಿ ಜಾರ್ಜ್ ಶಾ ಎಂಬ ವಿಜ್ಞಾನಿ ಇದನ್ನು ಮರಕ್ಕೆ ಜೋತು ಬದುಕುವ ಅಮೆರಿಕದ ಸ್ಲಾತ್‌ಗಳ ಸಾಲಿಗೆ ಸೇರಿಸಿದ. ಮುಂದೆ ಅದು ತಪ್ಪೆಂದು ತಿಳಿದರೂ ಇಂಗ್ಲಿಷಿನಲ್ಲಿ ಆ ಹೆಸರು ಅಂಟಿಕೊಂಡಿತು, ವಸತಿಯ ಫಲಕದ ಮೇಲೂ ಬಂದು ಕೂತಿತು. ಸ್ಲಾತ್ ಎಂದರೆ ಇಂಗ್ಲಿಷಿನಲ್ಲಿ ಸೋಮಾರಿತನ; ಕರಡಿ ಸೋಮಾರಿ ಪ್ರಾಣಿಯಂತೂ ಅಲ್ಲ. ಮೈಮೇಲೆ ನುಗ್ಗುವಾಗ ಅದರಿಂದ ಓಡಿ ತಪ್ಪಿಸಿಕೊಳ್ಳುವುದು ಮನುಷ್ಯನಿಂದ ಆಗದ ಮಾತು.

ಹುತ್ತದ ಮುಂದೆ ನಿಂತ ಕರಡಿಯನ್ನು ಬೈನಾಕ್ಯುಲರಿನಲ್ಲಿ ಸ್ವಲ್ಪ ಹೊತ್ತು ನೋಡಿದರೆ ಅದರ ಬದುಕಿನ ಮುಖ್ಯ ಸಂಗತಿಗಳೆಲ್ಲ ಕಣ್ಣಿಗೆ ಬೀಳುತ್ತವೆ. ಮೊದಲು ಹುತ್ತದ ಸುತ್ತ ಮೂಗು ಆಡಿಸಿ ಗೆದ್ದಲು ಎಲ್ಲಿದೆ ಎಂದು ಪತ್ತೆ ಮಾಡುತ್ತದೆ. ಮುಂಗಾಲಿನ ಬಿಳುಪಾದ ಉಗುರುಗಳಿಂದ ಗಟ್ಟಿ ಮಣ್ಣನ್ನು ಬಗೆಯುತ್ತದೆ. ಬಾಯಿಂದ ಊದಿ ಧೂಳು ಹಾರಿಸುತ್ತದೆ. ಆಮೇಲೆ ತುಟಿಗಳನ್ನು ಮುಂದಕ್ಕೆ ಚಾಚಿ ಕೊಳವೆಯಂತೆ ಮಾಡಿ, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಹುಳುಗಳನ್ನು ಸೊರ್ರನೆ ಹೀರುತ್ತದೆ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳು ಅದಕ್ಕೆ ಇರುವುದೇ ಇಲ್ಲ. ಆ ಸಂದಿಯೇ ಹೀರುವ ದಾರಿ. ಈ ಸದ್ದು ನೂರು ಮೀಟರಿನಾಚೆಗೂ ಕೇಳುತ್ತದೆ. ಸದ್ದು ಮಾಡುತ್ತಾ ತಲೆ ತಗ್ಗಿಸಿ ಮೇಯುವಾಗ ಅದಕ್ಕೆ ಸುತ್ತಲಿನ ಪರಿವೆ ಇರುವುದಿಲ್ಲ. ಮೂಗು ಚುರುಕು, ಕಣ್ಣು ಕಿವಿ ಮಂದ. ಗಾಳಿಯಲ್ಲಿ ವಾಸನೆ ಸಿಗದ ಕಡೆಯಿಂದ ಸೌದೆಗೆ ಹೋದವರು ಹತ್ತಿಪ್ಪತ್ತು ಹೆಜ್ಜೆಯಷ್ಟು ಸಮೀಪ ಬಂದುಬಿಟ್ಟರೆ ಇಬ್ಬರಿಗೂ ಒಂದೇ ಸಲ ಗೊತ್ತಾಗುತ್ತದೆ. ಹುಲಿ ಚಿರತೆಗಳ ನಡುವೆ ಬದುಕಿ ಬಂದ ಪ್ರಾಣಿ ಇದು. ಗಾಬರಿಯಾದಾಗ ಓಡುವುದಕ್ಕಿಂತ ಎದುರು ಬೀಳುವುದನ್ನೇ ಕಲಿತಿದೆ. ಮುಖ ತಲೆಗಳಿಗೆ ಆಗುವ ಆ ಭೀಕರ ಗಾಯಗಳಿಗೆ ಕಾರಣ ಬಹುಮಟ್ಟಿಗೆ ಇದೇ ಹೊರತು ನರಭಕ್ಷಣೆಯ ಆಸೆಯಲ್ಲ.

ಗೆದ್ದಲು, ಇರುವೆ, ಜೇನು, ಹಣ್ಣು ಇವು ಆಹಾರ. ಕವಳೆ, ಬೋರೆ, ನೇರಳೆ, ಅತ್ತಿ, ಈಚಲು, ಕಕ್ಕೆ, ಸೀತಾಫಲ ಯಾವ ತಿಂಗಳು ಎಲ್ಲಿ ಹಣ್ಣಾಗುತ್ತವೋ ಕರಡಿಯ ಓಡಾಟವೂ ಆ ಕಡೆಗೆ. ಸಾಮಾನ್ಯವಾಗಿ ಎರಡು ಮರಿ. ಗವಿಯಿಂದ ಹೊರಬಿದ್ದ ಮೇಲೆ ತಾಯಿ ತಿಂಗಳುಗಟ್ಟಲೆ ಅವನ್ನು ಬೆನ್ನ ಮೇಲೆ ಹೊತ್ತೇ ತಿರುಗುತ್ತದೆ. ಮರಿಗಳನ್ನು ಹೀಗೆ ಹೊತ್ತು ಸಾಕುವುದು ಕರಡಿ ಕುಲದಲ್ಲಿ ಈ ಜಾತಿಯ ವಿಶೇಷ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಈ ಪ್ರಾಣಿಯನ್ನು ಅಂತರರಾಷ್ಟ್ರೀಯ ಕೆಂಪು ಪಟ್ಟಿ ಅಪಾಯಕ್ಕೆ ಈಡಾಗಬಲ್ಲ ಜೀವಿಗಳ ಸಾಲಿನಲ್ಲಿಟ್ಟಿದೆ.

ದರೋಜಿ ಕರಡಿಧಾಮ

ಸಂಡೂರು ಮತ್ತು ಹೊಸಪೇಟೆ ತಾಲ್ಲೂಕುಗಳ ನಡುವೆ ಹರಡಿರುವ ಬಂಡೆಗಲ್ಲಿನ ಗುಡ್ಡಸಾಲು. 1994ರ ಅಕ್ಟೋಬರಿನಲ್ಲಿ ಬಿಳಿಕಲ್ಲು ಮೀಸಲು ಅರಣ್ಯದ ಸುಮಾರು 5,587 ಹೆಕ್ಟೇರನ್ನು ರಾಜ್ಯ ಸರ್ಕಾರ ಕರಡಿಧಾಮವೆಂದು ಘೋಷಿಸಿತು. 2009ರಲ್ಲಿ ಬುಕ್ಕಸಾಗರ ಮೀಸಲು ಅರಣ್ಯದ ಸುಮಾರು 2,685 ಹೆಕ್ಟೇರ್ ಸೇರಿ ಒಟ್ಟು ವಿಸ್ತೀರ್ಣ 82 ಚದರ ಕಿಲೋಮೀಟರ್ ದಾಟಿತು. ಧಾಮಕ್ಕೆ ಹೆಸರು ಕೊಟ್ಟ ದರೋಜಿ ದೊಡ್ಡ ಕೆರೆಯ ಊರು. ಬುರ್ರಕಥೆಯ ಈರಮ್ಮನವರ ಊರೂ ಹೌದು.

ಮೊದಲ ನೋಟಕ್ಕೆ ಇದು ಕಾಡೆಂದೇ ಅನ್ನಿಸುವುದಿಲ್ಲ. ಎತ್ತರದ ಮರಗಳಿಲ್ಲ, ತೊರೆಗಳಿಲ್ಲ. ಒಂದರ ಮೇಲೊಂದು ಪೇರಿಸಿಟ್ಟಂಥ ಗ್ರಾನೈಟ್ ಗುಂಡುಗಳು, ನಡುನಡುವೆ ಮುಳ್ಳಿನ ಕುರುಚಲು. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆದರೆ ಕರಡಿಗೆ ಬೇಕಾದ್ದು ಇಂಥದೇ ನೆಲ. ಬಂಡೆಗಳ ಸಂದಿಯ ಗವಿಗಳು ಹಗಲೆಲ್ಲ ತಂಪು, ಮರಿ ಹಾಕಲು ಭದ್ರ. ಕುರುಚಲಿನಲ್ಲಿ ಹಣ್ಣು, ಬಯಲಿನಲ್ಲಿ ಹುತ್ತ. ಇಂಥ ಕಲ್ಲುಗುಡ್ಡಗಳನ್ನು ಕಡತಗಳಲ್ಲಿ ಬಹುಕಾಲ ಪಾಳು ನೆಲವೆಂದೇ ಬರೆಯುತ್ತಾ ಬಂದಿದ್ದಾರೆ. ಕಲ್ಲುಗಣಿಗೆ ಕೊಡಲು ಅಡ್ಡಿಯಿಲ್ಲದ ಜಾಗವೆಂದೇ ನೋಡಿದ್ದಾರೆ. ಈ ನೆಲಕ್ಕೂ ಒಂದು ಜೀವಸಂಪತ್ತಿದೆ ಎಂದು ಜನರ ಕಣ್ಣಿಗೆ ತೋರಿಸಿದ್ದು ದರೋಜಿಯ ದೊಡ್ಡ ಕೊಡುಗೆ. ವಿಜಯನಗರ ಜಿಲ್ಲೆಯ ಕೂಡ್ಲಿಗಿ ಸೀಮೆಯಲ್ಲಿ ಗುಡೇಕೋಟೆ ಕರಡಿಧಾಮ ಮುಂದೆ ಹುಟ್ಟಿಕೊಂಡಿತು.

ಕರಡಿಯ ಜೊತೆಗೆ ಚಿರತೆ, ಕತ್ತೆಕಿರುಬ, ಕಾಡುಹಂದಿ, ಮುಳ್ಳುಹಂದಿ, ಚಿಪ್ಪುಹಂದಿ, ನಕ್ಷತ್ರ ಆಮೆ ಇಲ್ಲಿವೆ. ಹಕ್ಕಿ ನೋಡುವವರು ದೂರದೂರದಿಂದ ಇಲ್ಲಿಗೆ ಬರುವುದು ಹಳದಿ ಕೊರಳಿನ ಪಿಕಳಾರ ಮತ್ತು ಬಣ್ಣದ ಗೌಜಲಕ್ಕಿಗಾಗಿ. ಆ ಪಿಕಳಾರ ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ.

ವಸತಿ ಮತ್ತು ಅಲ್ಲಿನ ದಿನ

ಜಂಗಲ್ ಲಾಡ್ಜಸ್ ರಾಜ್ಯ ಸರ್ಕಾರದ ಸಂಸ್ಥೆ, 1980ರಲ್ಲಿ ಆರಂಭವಾದದ್ದು. ಕಬಿನಿಯಿಂದ ಮೊದಲಾದ ಅದರ ವಸತಿಗಳ ಪದ್ಧತಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಕೋಣೆ, ಊಟ, ಕಾಡಿನ ಸುತ್ತಾಟ, ಜೊತೆಗೊಬ್ಬ ನ್ಯಾಚುರಲಿಸ್ಟ್, ಎಲ್ಲ ಸೇರಿ ಒಂದು ದರ. ಕಮಲಾಪುರದ ವಸತಿ ಬಂಡೆಗಳ ನಡುವೆಯೇ ಇದೆ. ಕಲ್ಲಿನ ಕಟ್ಟಡಗಳು ಸುತ್ತಲಿನ ಗುಡ್ಡದ ಬಣ್ಣಕ್ಕೆ ಹೊಂದಿಕೊಂಡಿವೆ. ಮಧ್ಯಾಹ್ನದ ಹೊತ್ತಿಗೆ ಬಂದಿಳಿದವರು ಊಟ ಮುಗಿಸಿ ಸ್ವಲ್ಪ ಅಡ್ಡಾಗುವಷ್ಟರಲ್ಲಿ ಜೀಪು ಸಿದ್ಧವಾಗುತ್ತದೆ. ಕರಡಿ ನೋಡುವ ಹೊತ್ತು ಮಧ್ಯಾಹ್ನ ಇಳಿದ ಮೇಲೆ, ಸಂಜೆ ಆರರವರೆಗೆ.

ಧಾಮದೊಳಗಿನ ಕರಡಿಕಲ್ಲು ಗುಡ್ಡದ ಎದುರಿಗೆ ಒಂದು ವಾಚ್ ಟವರ್ ಇದೆ. ಜನ ಬರುವ ಮೊದಲೇ ಅರಣ್ಯ ಸಿಬ್ಬಂದಿ ಎದುರಿನ ಬಂಡೆಗಳ ಮೇಲೆ ಬೆಲ್ಲದ ಪಾಕ ಬಳಿದು ಬಂದಿರುತ್ತಾರೆ. ಅಲ್ಲಿಂದ ಮುಂದೆ ಕಾಯುವುದೊಂದೇ ಕೆಲಸ. ಮೊದಲು ಬರುವವರು ಬೇರೆಯವರು: ನವಿಲು, ಗೌಜಲಕ್ಕಿ, ಮುಂಗುಸಿ, ಬೆಲ್ಲಕ್ಕೆ ಮುತ್ತುವ ಅಳಿಲು. ಬಿಸಿಲಿನ ಕಾವು ಇಳಿದಂತೆ ಬಂಡೆಯ ಮೇಲಂಚಿನಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಅದು ನೆರಳೋ ಕರಡಿಯೋ ಎಂದು ಪಿಸುಗುಟ್ಟುತ್ತಿರುವಾಗಲೇ ಚುಕ್ಕೆ ಅಲುಗಿ, ಪಾದಗಳನ್ನು ಒಳಮುಖವಾಗಿ ಇಡುತ್ತಾ, ಇಳಿಜಾರಿನಲ್ಲಿ ಹಿಂದುಮುಂದಾಗಿ ಇಳಿದು ಬರುತ್ತದೆ. ತಾಯಿಯಾದರೆ ಬೆನ್ನ ಮೇಲಿನ ಒರಟು ಕೂದಲನ್ನು ಹಿಡಿದ ಮರಿಗಳು ಮೊದಲು ಕಾಣುವುದಿಲ್ಲ. ಅದು ಪಕ್ಕಕ್ಕೆ ತಿರುಗಿದಾಗಲೇ ಎರಡು ಬಿಳಿಚು ಮೂತಿಗಳು ಮೇಲೇಳುತ್ತವೆ. ದೊಡ್ಡ ಗಂಡೊಂದು ಮೇಲಿನಿಂದ ಇಳಿಯುತ್ತಿದ್ದರೆ ತಾಯಿ ಪಾಕ ಬಿಟ್ಟು ಮರಿಗಳೊಂದಿಗೆ ಸಂದಿ ಸೇರುತ್ತದೆ. ಗಂಡು ಕರಡಿ ಮರಿಗಳನ್ನು ಕೊಲ್ಲುವುದುಂಟು.

ಟವರಿನಿಂದ ಬಂಡೆಗೆ ಸಾಕಷ್ಟು ದೂರ. ಬೈನಾಕ್ಯುಲರ್ ಇಲ್ಲದೆ ಹೋದವರಿಗೆ ಕರಡಿ ಕಂಡರೂ ಕಂಡ ತೃಪ್ತಿ ಇರುವುದಿಲ್ಲ. ಆ ದೂರ ಮಾತ್ರ ಒಳ್ಳೆಯದೇ. ಹುಲಿ ಕಂಡೊಡನೆ ಹತ್ತಾರು ಜೀಪುಗಳು ಮುತ್ತಿಕೊಳ್ಳುವ ಕಾಡುಗಳನ್ನು ನೋಡಿದವರಿಗೆ ಇಲ್ಲಿನ ನೆಮ್ಮದಿಯ ಬೆಲೆ ಗೊತ್ತಾಗುತ್ತದೆ. ನೋಡುವವರು ಕೂತ ಕಡೆ ಕೂತಿರುತ್ತಾರೆ, ಕರಡಿ ತನ್ನಿಷ್ಟದಂತೆ ಬಂದು ಹೋಗುತ್ತದೆ.

ರಾತ್ರಿ ಊಟದ ನಂತರ ಮಾತು ಸಾಮಾನ್ಯವಾಗಿ ಪ್ರಾಣಿಗಳದೇ. ಬೆಳಿಗ್ಗೆ ಹಕ್ಕಿಗಳಿಗಾಗಿ ಒಂದು ನಡಿಗೆ, ಆಮೇಲೆ ಹಂಪಿ. ಹೆಚ್ಚಿನವರು ಹಂಪಿಗೆಂದು ಬಂದು ಸಂಜೆಯೊಂದನ್ನು ಕರಡಿಗೆ ಕೊಡುತ್ತಾರೆ. ಕ್ರಮ ತಿರುಗಿಸಿ ಎರಡು ಸಂಜೆ ಟವರಿನಲ್ಲಿ ಕೂರುವುದು ಮೇಲು. ಮೊದಲ ಸಂಜೆ ಕರಡಿ ಕಂಡಿತೆಂಬ ಸಂಭ್ರಮದಲ್ಲೇ ಕಳೆದುಹೋಗುತ್ತದೆ. ಅದು ಏನು ಮಾಡುತ್ತಿದೆ ಎಂದು ನೋಡುವುದು ಎರಡನೆಯ ಸಂಜೆಯಿಂದ. ಮಳೆಗಾಲದ ಕೊನೆಯಿಂದ ಚಳಿಗಾಲ ಮುಗಿಯುವವರೆಗೆ ಒಳ್ಳೆಯ ಕಾಲ.

ಬೆಲ್ಲದ ಪ್ರಶ್ನೆ

ಕಾಡುಪ್ರಾಣಿಗೆ ಬೆಲ್ಲ ತಿನ್ನಿಸಿ ಜನಕ್ಕೆ ತೋರಿಸುವುದು ಸರಿಯೇ ಎಂಬ ಪ್ರಶ್ನೆ ದರೋಜಿಯ ಬೆನ್ನಿಗಿದೆ. ದಿನವೂ ಒಂದೇ ಜಾಗದಲ್ಲಿ ಸಿಹಿ ಸಿಕ್ಕರೆ ಪ್ರಾಣಿ ಅಲ್ಲಿಗೇ ಒಗ್ಗುತ್ತದೆ, ಒಂದರ ರೋಗ ಇನ್ನೊಂದಕ್ಕೆ ಅಂಟಲು ದಾರಿಯಾಗುತ್ತದೆ, ಮನುಷ್ಯನ ವಾಸನೆಯ ಬಗ್ಗೆ ಇರಬೇಕಾದ ಅಳುಕು ಸವೆಯುತ್ತದೆ ಎಂಬುದು ಆಕ್ಷೇಪ. ಬಂಡೆಯ ಮೇಲಿನ ಪಾಕ ಕರಡಿಯ ಆಹಾರದಲ್ಲಿ ಅಲ್ಪ ಭಾಗ, ಇದರಿಂದಾಗಿಯೇ ಸಾವಿರಾರು ಜನ ಕರಡಿಯನ್ನು ನೋಡಿದರು, ಧಾಮಕ್ಕೆ ಬೆಂಬಲ ಹುಟ್ಟಿತು ಎಂಬುದು ಸಮರ್ಥನೆ. ಎರಡರಲ್ಲೂ ಸತ್ಯವಿದೆ. ದರೋಜಿ ತನ್ನ ಮೊದಲ ವರ್ಷಗಳಲ್ಲಿ ಈ ಉಪಾಯ ಹಿಡಿದದ್ದನ್ನು ತಪ್ಪೆನ್ನಲಾಗದು. ಹೊಸದಾಗಿ ಬರುವ ಧಾಮಗಳು ಅದನ್ನೇ ಮೊದಲ ಪಾಠವೆಂದು ಎತ್ತಿಕೊಳ್ಳಬಾರದು. ಕವಳೆ ಬೋರೆ ಗಿಡಗಳು ಬೆಳೆದು, ಬೇಸಿಗೆಯಲ್ಲಿ ನೀರಿನ ಗುಂಡಿ ಬತ್ತದಿದ್ದರೆ ಕರಡಿ ತಾನಾಗಿ ಬರುತ್ತದೆ. ನೋಡುವವನು ಹೆಚ್ಚು ಕಾಯಬೇಕಾಗುತ್ತದೆ, ಅಷ್ಟೆ.

ಜಗತ್ತಿನ ಬೇರೆಡೆಗಳಲ್ಲೂ ಇದು ಇತ್ಯರ್ಥವಾಗಿಲ್ಲ. ಫಿನ್ಲೆಂಡಿನ ಪೂರ್ವ ಗಡಿಯ ಕಾಡುಗಳಲ್ಲಿ ಮರದ ಗೂಡಿನೊಳಗೆ ರಾತ್ರಿಯಿಡೀ ಕೂತು, ಮಾಂಸದ ಆಸೆಗೆ ಬರುವ ಕಂದು ಕರಡಿಗಳನ್ನು ಬೇಸಿಗೆಯ ಮುಳುಗದ ಬೆಳಕಿನಲ್ಲಿ ನೋಡುತ್ತಾರೆ. ಅಲಾಸ್ಕದ ಮೆಕ್‌ನೀಲ್ ನದಿಯಲ್ಲಿ ಯಾರೂ ಏನನ್ನೂ ಇಡುವುದಿಲ್ಲ. ಜಲಪಾತ ಹತ್ತುವ ಸಾಲ್ಮನ್ ಮೀನಿಗಾಗಿ ಡಜನ್‌ಗಟ್ಟಲೆ ಕರಡಿಗಳು ತಾವೇ ಸೇರುತ್ತವೆ. 1967ರಿಂದ ರಕ್ಷಿತವಾಗಿರುವ ಆ ತಾಣಕ್ಕೆ ಲಾಟರಿ ಎತ್ತಿ ದಿನಕ್ಕೆ ಹತ್ತು ಜನರನ್ನು ಮಾತ್ರ ಬಿಡುತ್ತಾರೆ. ಹತ್ತೇ ಜನ, ದಿನವೂ ಅದೇ ಜಾಗ, ಅದೇ ನಡತೆ. ಮನುಷ್ಯ ಏನು ಮಾಡುತ್ತಾನೆಂದು ಕರಡಿಗೆ ಮೊದಲೇ ಗೊತ್ತಿರುವುದರಿಂದ ಅದು ಗಾಬರಿಯಾಗುವುದಿಲ್ಲ. ಶ್ರೀಲಂಕಾದ ಯಾಲದಲ್ಲಿ ಪಾಲು ಹಣ್ಣಿನ ಸುಗ್ಗಿಯೇ ಕರಡಿ ನೋಡುವ ಕಾಲ. ನಮ್ಮದೇ ಜಾತಿಯ ಕರಡಿ ಅಲ್ಲಿ ಮರ ಹತ್ತಿ ಹಣ್ಣು ತಿನ್ನುವುದನ್ನು ಹಗಲಲ್ಲೇ ಕಾಣಬಹುದು. ಗುಜರಾತಿನ ಜೆಸ್ಸೋರ್ ಮತ್ತು ರತನ್‌ಮಹಲ್‌ಗಳು ದರೋಜಿಗಿಂತ ಹಳೆಯ ಕರಡಿಧಾಮಗಳು.

ಕರಡಿ ಕುಣಿಸುವವರು

ನಾಲ್ಕೈದು ದಶಕದ ಹಿಂದೆ ಹಳ್ಳಿಯ ಮಕ್ಕಳು ಕರಡಿಯನ್ನು ಕಾಣುತ್ತಿದ್ದದ್ದು ಮೂಗುದಾರ ಹಾಕಿಸಿಕೊಂಡು ಬೀದಿಯಲ್ಲಿ ಕುಣಿಯುವ ಪ್ರಾಣಿಯಾಗಿ. ಮರಿಗಳನ್ನು ಗವಿಯಿಂದ ಕದ್ದು, ತಾಯಿಯನ್ನು ಕೊಂದು ತರುತ್ತಿದ್ದ ಆ ವ್ಯಾಪಾರ ಕಲಂದರ್ ಸಮುದಾಯದ ಬಡತನದೊಂದಿಗೆ ಹೆಣೆದುಕೊಂಡಿತ್ತು. ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಅರಣ್ಯ ಇಲಾಖೆಗಳ ಜೊತೆ ಸೇರಿ ಕರಡಿಗಳನ್ನು ಬಿಡಿಸಿಕೊಂಡು, ಆ ಕುಟುಂಬಗಳಿಗೆ ಬೇರೆ ಉದ್ಯೋಗದ ದಾರಿ ಮಾಡಿತು; 2009ರ ಹೊತ್ತಿಗೆ ಬೀದಿಯ ಕರಡಿ ಕುಣಿತ ಕೊನೆಗೊಂಡಿತು. ಬಿಡುಗಡೆಯಾದ ಕರಡಿಗಳಲ್ಲಿ ಹಲವಕ್ಕೆ ಬನ್ನೇರುಘಟ್ಟದಲ್ಲಿ ಆಸರೆ ಸಿಕ್ಕಿತು. ಆ ಮರಿಗಳ್ಳತನ ನಿಂತಿದ್ದರಿಂದಲೇ ಇಂದು ವಾಚ್ ಟವರಿನ ಮುಂದೆ ಮರಿಗಳೊಂದಿಗೆ ತಾಯಿ ಧೈರ್ಯವಾಗಿ ಇಳಿಯುತ್ತದೆ ಎಂದರೆ ತಪ್ಪಾಗದು.

ಕಡೂರು, ತರೀಕೆರೆ, ಅಜ್ಜಂಪುರ

ಈ ಮೂರು ತಾಲ್ಲೂಕುಗಳಲ್ಲಿ ಎರಡು ಬಗೆಯ ಕರಡಿ ನೆಲೆಗಳಿವೆ. ಪಶ್ಚಿಮಕ್ಕೆ ಭದ್ರಾ ಕಣಿವೆಯ ದಟ್ಟ ಕಾಡು, ಪೂರ್ವಕ್ಕೆ ಬಯಲುಸೀಮೆಯ ಕಲ್ಲುಗುಡ್ಡ ಮತ್ತು ಕಾವಲು.

ಭದ್ರಾ 1998ರಿಂದ ಹುಲಿ ಸಂರಕ್ಷಿತ ಪ್ರದೇಶ. 2002ರ ಹೊತ್ತಿಗೆ ಕಾಡಿನೊಳಗಿನ ಹಳ್ಳಿಗಳವರು ಸ್ಥಳಾಂತರಗೊಂಡು ತರೀಕೆರೆ ಬಳಿಯ ಎಂ.ಸಿ. ಹಳ್ಳಿಯಲ್ಲೂ ಇತರೆಡೆಯೂ ನೆಲೆಸಿದರು. ದೇಶದಲ್ಲಿ ಸ್ಥಳಾಂತರ ಸಮಾಧಾನಕರವಾಗಿ ನಡೆದ ಕೆಲವೇ ನಿದರ್ಶನಗಳಲ್ಲಿ ಇದನ್ನು ಹೆಸರಿಸುತ್ತಾರೆ. ಲಕ್ಕವಳ್ಳಿಯಲ್ಲಿ ಭದ್ರಾ ಹಿನ್ನೀರಿನ ದಡದ ರಿವರ್ ಟರ್ನ್ ಲಾಡ್ಜ್ ಕೂಡ ಜಂಗಲ್ ಲಾಡ್ಜಸ್‌ನದೇ. ಅಲ್ಲಿ ದೋಣಿ, ಜೀಪುಗಳಲ್ಲಿ ಕಾಡು ನೋಡಬಹುದು. ಆನೆ, ಕಾಟಿ, ಹಿನ್ನೀರಿನ ನಡುಗಡ್ಡೆಗಳಲ್ಲಿ ಗೂಡು ಮಾಡುವ ರೀವ ಹಕ್ಕಿಗಳು ಮುಖ್ಯ ಆಕರ್ಷಣೆ. ಕರಡಿ ಕಂಡರೆ ಅದೃಷ್ಟ. ಮುತ್ತೋಡಿಯ ಅರಣ್ಯ ಶಿಬಿರ, ಕೆಮ್ಮಣ್ಣುಗುಂಡಿಯ ತೋಟಗಾರಿಕೆ ಇಲಾಖೆಯ ಅತಿಥಿಗೃಹಗಳು ಉಳಿಯಲು ಚೆನ್ನ, ಕರಡಿಯನ್ನು ನಂಬಿ ಹೋಗುವಂಥವಲ್ಲ. ಹಸಿರು ಕಾಡಿನಲ್ಲಿ ಕರಡಿ ಹತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ.

ಬಯಲುಸೀಮೆಯ ಚರಿತ್ರೆ ಬೇರೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಬಿಟ್ಟ ಹುಲ್ಲುಗಾವಲುಗಳು ಇಲ್ಲಿ ಹರಡಿವೆ. ಅಜ್ಜಂಪುರದಲ್ಲಿ ಇಂದಿಗೂ ಆ ತಳಿಯ ಸಂವರ್ಧನಾ ಕೇಂದ್ರವಿದೆ. ಕಡೂರು ಸೀಮೆಯ ಬಾಸೂರು ಅಮೃತಮಹಲ್ ಕಾವಲಿನ ಸುಮಾರು 7 ಚದರ ಕಿಲೋಮೀಟರನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಗಿ ಘೋಷಿಸಲಾಯಿತು. ಕೃಷ್ಣಮೃಗ, ತೋಳಗಳಿಗೆ ಇದು ಹೆಸರಾದದ್ದು. ಸುತ್ತಲಿನ ಕಲ್ಲುಗುಡ್ಡಗಳ ಕರಡಿ ರಾತ್ರಿ ಇಳಿದು ಕಡಲೆಕಾಯಿ, ಮೆಕ್ಕೆಜೋಳದ ಹೊಲಗಳಿಗೆ ಬರುತ್ತದೆ. ಊರಾಚೆಯ ಗುಡಿಗೆ ನುಗ್ಗಿ ದೀಪದ ಎಣ್ಣೆ ಕುಡಿದು ಹೋಗುವುದು ಕಡೂರಿನಿಂದ ಬಳ್ಳಾರಿಯವರೆಗೆ ಎಲ್ಲ ಕಡೆಯೂ ಕೇಳಿಬರುವ ಸಂಗತಿ. ಬಾಗಿಲ ಮೇಲಿನ ಉಗುರಿನ ಗೀರು, ನೆಲದ ಮೇಲೆ ಉರುಳಿದ ಎಣ್ಣೆಯ ಡಬ್ಬ ನೋಡಿ ಬೆಳಿಗ್ಗೆ ಪೂಜಾರಿಗೆ ಬಂದವರು ಯಾರೆಂದು ತಿಳಿಯುತ್ತದೆ.

ಈ ಸೀಮೆಯ ಒಂದು ಕರಡಿ ಜಗತ್ತಿನ ಬೇಟೆ ಸಾಹಿತ್ಯದಲ್ಲೇ ಹೆಸರಾಗಿದೆ. ಅರಸೀಕೆರೆಯ ಪೂರ್ವದ ಗುಡ್ಡಗಳಿಂದ ಸಖರಾಯಪಟ್ಟಣದ ಕಡೆಗೆ ಸರಿದು, ಹನ್ನೆರಡು ಜನರನ್ನು ಕೊಂದು ಇನ್ನೂ ಹಲವರನ್ನು ಗಾಯಗೊಳಿಸಿತೆಂದು ಹೇಳಲಾದ ಕರಡಿಯನ್ನು ಹೊಡೆದ ಕತೆಯನ್ನು ಕೆನೆತ್ ಆಂಡರ್ಸನ್ 1957ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಆಂಡರ್ಸನ್‌ರನ್ನು ಕನ್ನಡದ ಮನೆಮನೆಗೆ ತಲುಪಿಸಿದವರು ಇದೇ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿ. ಆ ಕತೆಯ ಕರಡಿ ತೀರ ಅಪವಾದ. ಆದರೂ ಈ ಭಾಗದ ಕರಡಿಯ ಬಗ್ಗೆ ಹೊರಗಿನವರು ಓದಿರುವುದು ಅದೊಂದನ್ನೇ ಎನ್ನುವುದು ಬೇಸರದ ಸಂಗತಿ.

ನೆರೆಯ ಅರಸೀಕೆರೆಯ ಗುಡ್ಡಗಳನ್ನು ಸರ್ಕಾರ ಇತ್ತೀಚಿನ ವರ್ಷಗಳಲ್ಲಿ ಕರಡಿಧಾಮವೆಂದು ಘೋಷಿಸಿದೆ. ಹೀಗಾಗಿ ಕಡೂರು ಸೀಮೆಗೆ ಕರಡಿ ವಸತಿಯ ಮಾತು ಇನ್ನು ದೂರದ್ದಲ್ಲ. ಬರುವುದಾದರೆ ಅದು ಸಣ್ಣದಾಗಿರಬೇಕು: ಕೆಲವೇ ಕೋಣೆ, ಮಂದ ದೀಪ, ಧ್ವನಿವರ್ಧಕವಿಲ್ಲ, ಹೊರಗೆ ಚೆಲ್ಲಿದ ಅಡುಗೆ ಕಸವಿಲ್ಲ. ಕಸದ ಗುಂಡಿಯ ರುಚಿ ಹತ್ತಿದ ಕರಡಿ ಊರಿಗೆ ಬಂದೇ ತೀರುತ್ತದೆ. ದಾರಿ ತೋರಿಸುವವರು ಆ ಗುಡ್ಡಗಳಲ್ಲೇ ಕುರಿ ಮೇಯಿಸಿ ಗವಿಗಳ ಗುರುತು ಬಲ್ಲವರಾಗಬೇಕು. ಬಂದ ಹಣದಲ್ಲಿ ಒಂದು ಪಾಲು ಬೆಳೆ ಕಳೆದುಕೊಂಡವರಿಗೂ ಗಾಯಗೊಂಡವರಿಗೂ ತಡವಿಲ್ಲದೆ ತಲುಪಬೇಕು. ಕರಡಿ ಹರಿದ ಮುಖವನ್ನು ಸರಿಪಡಿಸಲು ಹಲವು ಶಸ್ತ್ರಚಿಕಿತ್ಸೆಗಳೇ ಬೇಕಾಗುತ್ತವೆ. ಸರ್ಕಾರದ ಪರಿಹಾರದ ಕಡತ ಮುಂದೆ ಸರಿಯುವಷ್ಟರಲ್ಲಿ ಆ ಮನೆ ಸಾಲಕ್ಕೆ ಬಿದ್ದಿರುತ್ತದೆ. ವಸತಿಯ ಬೆಲೆಯನ್ನು ಅಳೆಯಬೇಕಾದ್ದು ಅತಿಥಿಗಳ ಪುಸ್ತಕದಲ್ಲಿ ಬರೆದ ಹೊಗಳಿಕೆಯಿಂದಲ್ಲ, ಹೊಲದಂಚಿನ ಮನೆಯವರ ಅಭಿಪ್ರಾಯದಿಂದ.

ಅಲ್ಲಿಯವರೆಗೆ ಚೌಳಹಿರಿಯೂರು ಕಡೆಯವರಿಗೆ ದರೋಜಿಯೇ ದಾರಿ. ಹೊಸದುರ್ಗ, ಚಿತ್ರದುರ್ಗ, ಕೂಡ್ಲಿಗಿ ಹಾದು ಹೊಸಪೇಟೆ ಸೇರುವ ರಸ್ತೆಯ ಇಕ್ಕೆಲದಲ್ಲೂ ಬಹಳಷ್ಟು ಕಡೆ ಇಂಥದೇ ಕಲ್ಲುಗುಡ್ಡಗಳು ಕಾಣುತ್ತವೆ. ಹೋಗುವವರು ಮಣ್ಣಿನ ಬಣ್ಣದ ಬಟ್ಟೆ, ಬೈನಾಕ್ಯುಲರ್, ನೀರು ಒಯ್ಯಬೇಕು; ಮಕ್ಕಳಿಗೆ ಸುಮ್ಮನೆ ಕೂರುವುದನ್ನು ಮನೆಯಲ್ಲೇ ಹೇಳಿಕೊಟ್ಟಿರಬೇಕು. ಹಿಂತಿರುಗಿದ ಮೇಲೆ ಹೊಲದಲ್ಲಿ ನೆನಪಿಡಬೇಕಾದದ್ದು ಇಷ್ಟು: ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ಹೋಗದೆ ಮಾತಾಡುತ್ತಲೋ ಕೋಲು ಕುಟ್ಟುತ್ತಲೋ ನಡೆಯುವುದು, ಟಾರ್ಚು ಹಿಡಿಯುವುದು, ಮರಿ ಕಂಡರೆ ತಾಯಿ ಹತ್ತಿರದಲ್ಲೇ ಇದೆಯೆಂದು ತಿಳಿದು ಬಂದ ದಾರಿಯಲ್ಲೇ ಹಿಂದೆ ಸರಿಯುವುದು, ಗವಿಗೆ ಹೊಗೆ ಹಾಕದಿರುವುದು. ಊರಿಗೆ ಬಂದ ಕರಡಿಯನ್ನು ಗುಂಪುಗೂಡಿ ಅಟ್ಟಾಡಿಸಿದಾಗಲೇ ಹೆಚ್ಚು ಜನಕ್ಕೆ ಪೆಟ್ಟಾಗುತ್ತದೆ. ಅದು ಹೊರಟುಹೋಗಲು ಒಂದು ದಿಕ್ಕನ್ನು ತೆರವಾಗಿ ಬಿಟ್ಟು ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಬೇಕು.